ಸೀತಾನದಿ ಹಿನ್ನೀರಿನ ಕಯಾಕಿಂಗ್: ದೋಣಿ ಬಾಡಿಗೆಗೆ ಪಡೆಯುವ ಮೊದಲು ನೋಡಬೇಕಾದ್ದು

ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ಪಾರಂಪಳ್ಳಿ ಕಡೆ ಇಳಿದರೆ ಸ್ವಲ್ಪದರಲ್ಲೇ ಸೀತಾನದಿಯ ಹಿನ್ನೀರು, ಬದಿಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಕೆಲವು ವರ್ಷಗಳಿಂದ ಅಲ್ಲಿ ಕಯಾಕ್ ಬಾಡಿಗೆ ಕೇಂದ್ರಗಳು ಎದ್ದಿವೆ. ರೀಲ್ಸ್ ನೋಡಿದರೆ ಎಲ್ಲವೂ ಒಂದೇ ತರ: ಹಳದಿ-ಕೆಂಪು ಪ್ಲಾಸ್ಟಿಕ್ ದೋಣಿ, ಕಿತ್ತಳೆ ಜಾಕೆಟ್, ಎರಡೂ ಬದಿಯ ಕೊಂಬೆ ಮೇಲೆ ಕೂಡಿಕೊಂಡ ಹಸಿರು ಕಾಲುವೆ. ದೋಣಿಗಳೂ ಬಹುಪಾಲು ಒಂದೇ ಮಾದರಿಯವು. ಕೆಲಸದ ಹುಡುಗರು ಮಾತ್ರ ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತಿರುತ್ತಾರೆ. ಹಾಗಾಗಿ ಇಲ್ಲಿ ಒಂದೊಂದು ಕೇಂದ್ರದ ಹೆಸರು ಹಿಡಿದು ನಕ್ಷತ್ರ ಹಂಚಿಲ್ಲ. ಹೋದ ವರ್ಷ ಐದು ನಕ್ಷತ್ರ ಪಡೆದ ಜಾಗ ಈ ವರ್ಷ ಹಾಗೇ ಇರುತ್ತದೆ ಎನ್ನಲಾಗದು. ಈ ಸೇವೆಯಲ್ಲಿ ಒಳ್ಳೆಯದು ಯಾವುದು, ಕಳಪೆ ಯಾವುದು, ದಡದಲ್ಲಿ ನಿಂತೇ ಅದನ್ನು ಹೇಗೆ ಗುರುತಿಸುವುದು ಎಂಬುದಷ್ಟೇ ಇಲ್ಲಿನ ವಿಷಯ.

ಈ ನೀರು ಪ್ರವಾಸಿಗರದ್ದು ಮಾತ್ರ ಅಲ್ಲ. ಬೀಸುಬಲೆಯವರು, ಏಡಿಬಲೆ ಇಟ್ಟವರು, ಇಳಿತದ ಹೊತ್ತಿಗೆ ಎದೆಮಟ್ಟ ನೀರಿನಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು, ಹೊಯ್ಗೆ (ಮರಳು) ದೋಣಿ, ಕೆಳಗೆ ಹಂಗಾರಕಟ್ಟೆ–ಕೋಡಿಬೆಂಗ್ರೆ ನಡುವಿನ ಕಡವು (ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ), ಎಲ್ಲರೂ ಇದೇ ನೀರಿನಲ್ಲಿದ್ದಾರೆ. ಇವರ ನಡುವೆ ಹೇಗೆ ಸಾಗಬೇಕೆಂದು ಹೇಳಿಕೊಡುವ ಕೇಂದ್ರ ಸುರಕ್ಷತೆಯಲ್ಲೂ ಮುಂದಿರುತ್ತದೆ. ಕಯಾಕ್ ಮಗುಚುವ ಬಗೆ ನೋಡಿದರೆ ಇದು ಗೊತ್ತಾಗುತ್ತದೆ. ಏಡಿಬಲೆಯ ಹಗ್ಗಕ್ಕೆ ಹುಟ್ಟು ಸಿಕ್ಕಿ, ಮೋಟಾರು ದೋಣಿಯ ಅಲೆಗೆ ಬದಿ ಕೊಟ್ಟು, ಎದುರು ಬಂದವರಿಗೆ ಯಾವ ಕಡೆ ಸರಿಯಬೇಕೆಂದು ತಿಳಿಯದೆ ಗಲಿಬಿಲಿಯಾಗಿ. ಇಲ್ಲಿ ಮರ್ಯಾದೆ ತಪ್ಪಿದ ಜಾಗದಲ್ಲೇ ದೋಣಿಯೂ ಮಗುಚುತ್ತದೆ.

ಭರತ ನೋಡದ ಬುಕಿಂಗ್

ಕೇಂದ್ರದ ಗುಣ ಮೊದಲು ಗೊತ್ತಾಗುವುದು ಫೋನಿನಲ್ಲೇ. ಶನಿವಾರ ಸಂಜೆ ಐದಕ್ಕೆ ಬರುತ್ತೇವೆ ಎಂದಾಗ ಒಳ್ಳೆಯವರು ಭರತದ, ಎಂದರೆ ಸಮುದ್ರದ ನೀರು ಏರಿ ಬರುವ, ಹೊತ್ತು ನೋಡಿ ಉತ್ತರ ಕೊಡುತ್ತಾರೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಸಮನಲ್ಲ, ಒಂದು ಹೆಚ್ಚು ಏರುತ್ತದೆ, ಇನ್ನೊಂದು ಕಡಿಮೆ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ಶನಿವಾರ ಸಂಜೆ ಐದಕ್ಕೆ ನೀರು ತುಂಬಿತ್ತೆಂದರೆ ಈ ಶನಿವಾರ ಅದೇ ಹೊತ್ತಿಗೆ ಕೆಸರು ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನಗಳಲ್ಲಿ ಏರಿಳಿತ ಜಾಸ್ತಿ, ಸೆಳೆತವೂ ಜಾಸ್ತಿ. ಸಮುದ್ರದಲ್ಲಿ ಭರತ ತುಂಬಿದ ಮೇಲೂ ಒಳಗಿನ ಹಿನ್ನೀರು ಇನ್ನಷ್ಟು ಹೊತ್ತು ಏರುತ್ತಲೇ ಇರುತ್ತದೆ. ಆದ್ದರಿಂದ ಮಲ್ಪೆಯ ಅಥವಾ ಮಂಗಳೂರಿನ ಭರತದ ಪಟ್ಟಿಯನ್ನು ಹಾಗೇ ಇಲ್ಲಿಗೆ ಹಚ್ಚಲಾಗದು. ಸ್ಥಳೀಯ ಮೀನುಗಾರರಿಗೆ ಈ ಅಂತರ ಬಾಯಿಪಾಠ.

ಕಾಂಡ್ಲಾ ನಡುವಿನ ಸಪೂರ ಕಾಲುವೆಗೆ ಹೋಗಲು ಸರಿಯಾದ ಹೊತ್ತು ಭರತ ತುಂಬುವ ಮೊದಲಿನ ಎರಡು ಗಂಟೆ. ನೀರು ಏರುತ್ತಿರುವಾಗ ದೋಣಿ ಕೆಸರಿಗೆ ಕೂತರೂ ಸ್ವಲ್ಪ ಕಾದರೆ ತಾನಾಗಿ ಏಳುತ್ತದೆ. ಇಳಿತದಲ್ಲಿ ಕೂತರೆ ಮುಂದಿನ ಭರತದವರೆಗೆ ಅಲ್ಲೇ. ಇಳಿದು ತಳ್ಳೋಣ ಎಂದರೆ ಕಾಲು ಮೊಣಕಾಲಿನವರೆಗೆ ಹೂಳುತ್ತದೆ, ಒಂದು ಕಾಲು ಎಳೆಯಲು ಹೋದರೆ ಇನ್ನೊಂದು ಇಳಿಯುತ್ತದೆ. ಬೇರುಗಳಿಗೆ, ಕಲ್ಲಿಗೆ ಅಂಟಿದ ಸಿಂಪಿ ಚಿಪ್ಪು ಬ್ಲೇಡಿನಷ್ಟು ಹರಿತ. ಹವಾಯಿ ಚಪ್ಪಲಿ ಕೆಸರಿನ ಪಾಲಾಗುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ಸ್ ಅಥವಾ ಹಳೆಯ ಕ್ಯಾನ್ವಾಸ್ ಶೂ ಇರಲಿ.

ಗಾಳಿಯ ಲೆಕ್ಕವೂ ಇದೆ. ಸೀಸನ್ನಿನಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಮಂದ ಮೂಡುಗಾಳಿ. ಹನ್ನೊಂದರ ನಂತರ ಪಡುಗಾಳಿ ಎದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜೋರಾಗುತ್ತದೆ. ಕಯಾಕ್ ಹಗುರ, ನೀರಿನ ಮೇಲೇ ಕೂತಿರುತ್ತದೆ, ಗಾಳಿ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ, ತೋಳು ಸೋತ ಮೇಲೆ ಗಾಳಿಯ ಬೆನ್ನಲ್ಲಿ ಬರುವುದು ಕ್ರಮ. ಇದನ್ನು ಉಲ್ಟಾ ಮಾಡಿಸುವ ಗೈಡ್‌ಗಳು ಇದ್ದಾರೆ. ಗಿರಾಕಿ ಮೊದಲ ಅರ್ಧ ಗಂಟೆ ಖುಷಿಯಲ್ಲಿರುತ್ತಾನೆ, ಆಮೇಲೆ ಮೋಟಾರು ದೋಣಿ ಕಟ್ಟಿ ಎಳೆದು ತರಬೇಕಾಗುತ್ತದೆ. ಬೆಳಗ್ಗೆ ಆರೂವರೆಯ ತಂಡಕ್ಕೆ ನಮ್ಮ ಅಂಕ ಹೆಚ್ಚು. ಗಾಳಿ ಇಲ್ಲ, ಬಿಸಿಲು ಇಲ್ಲ, ಮಿಂಚುಳ್ಳಿ-ನೀರುಕಾಗೆ ಕಾಣುವುದೂ ಆಗಲೇ. ಸಂಜೆಯ ತಂಡ ಫೋಟೋಗೆ ಚಂದ, ಆದರೆ ಡಿಸೆಂಬರಿನಲ್ಲಿ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಸೂರ್ಯ ನೀರಿಗೆ ತಾಗುವ ಫೋಟೋ ತೆಗೆದು ಹೊರಟರೆ ಕಾಂಡ್ಲಾ ಒಳಗೆ ಪೂರ್ತಿ ಕತ್ತಲೆ. ಹುಟ್ಟಿನ ದೋಣಿಗೆ ಕತ್ತಲಲ್ಲಿ ದೀಪ ಕಟ್ಟಲಾಗದಿದ್ದರೆ ಕೈಗೆ ಸಿಗುವಂತೆ ಟಾರ್ಚ್ ಇಟ್ಟುಕೊಂಡು, ಎದುರು ದೋಣಿ ಬಂದಾಗ ಮೊದಲೇ ತೋರಿಸಬೇಕು ಎಂಬುದು 1972ರ ಅಂತಾರಾಷ್ಟ್ರೀಯ ನೌಕಾ ನಿಯಮ. ಮೊಬೈಲ್ ಟಾರ್ಚು ಒದ್ದೆ ಕೈಯಲ್ಲಿ ಹತ್ತುವುದಿಲ್ಲ.

ಮಳೆಗಾಲದಲ್ಲಿ ಈ ಮಾತೇ ಬೇಡ. ಜೂನ್, ಜುಲೈನಲ್ಲಿ ಘಟ್ಟದ ನೆರೆ ಇಳಿಯುವಾಗ ಮರದ ದಿಮ್ಮಿ, ಬಿದಿರಿನ ಮೆಳೆ ಎಲ್ಲ ಹೊತ್ತು ತರುತ್ತದೆ. ಆಗಲೂ ಬುಕಿಂಗ್ ತೆಗೆದುಕೊಳ್ಳುವವರಿದ್ದರೆ ಅವರ ಬೇರೆ ಯಾವ ಗುಣವನ್ನೂ ನೋಡಬೇಕಾಗಿಲ್ಲ.

ಜಾಕೆಟ್ಟು, ದೋಣಿ, ಹುಟ್ಟು

ಲೈಫ್ ಜಾಕೆಟ್ ಎಲ್ಲ ಕಡೆಯೂ ಕೊಡುತ್ತಾರೆ. ಎಂಥದ್ದು ಕೊಡುತ್ತಾರೆ ಎಂಬುದು ಬೇರೆ ಮಾತು. ಒಳಗಿನ ಲೇಬಲ್ ಓದಿ. 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ, ಸಹಾಯ ಹತ್ತಿರವೇ ಇರುವ ಜಾಗಕ್ಕೆ. ಹುಟ್ಟು ಹಾಕಲು ಸಲೀಸು, ಆದರೆ ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. 100 ನ್ಯೂಟನ್‌ನ ಕಾಲರ್ ಇರುವ ಜಾಕೆಟ್ಟು ತಲೆಯನ್ನು ನೀರಿನ ಮೇಲೆ ಹಿಡಿಯುವಂತೆ ಮಾಡಿದ್ದು. ಹತ್ತು ನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಎತ್ತುವ ಬಲ. ಈಜು ಬಾರದವರಿಗೆ, ಮಕ್ಕಳಿಗೆ 100ರದ್ದನ್ನೇ ಕೇಳಿ. ಲೇಬಲ್ಲೇ ಇಲ್ಲದ, ಬಣ್ಣ ಹಾರಿ ಬಿಳಿಚಿದ ಜಾಕೆಟ್ಟನ್ನು ಕೈಯಲ್ಲಿ ಒತ್ತಿ ನೋಡಿ. ಒಳಗಿನ ಫೋಮು ಒತ್ತಿದಲ್ಲೇ ಕುಸಿದು ಕೂತರೆ ಅದರ ಕಾಲ ಮುಗಿದಿದೆ. ಕಾಯುವಾಗ ಜಾಕೆಟ್ಟನ್ನು ಮಣೆಯಂತೆ ಹಾಕಿ ಕೂರುವ ಅಭ್ಯಾಸ ಎಲ್ಲೆಡೆ ಇದೆ, ಫೋಮು ಬೇಗ ಸಾಯುವುದು ಅದರಿಂದಲೇ. ಹುಡುಗರು ಜಾಕೆಟ್ಟಿನ ಗುಡ್ಡೆಯ ಮೇಲೆ ಮಲಗಿದ್ದರೆ ಅದೂ ಒಂದು ಸೂಚನೆ.

ಹಾಕಿಕೊಂಡ ಮೇಲೆ ಬಕಲು ಹಾಕಿ, ಬದಿಯ ಪಟ್ಟಿ ಬಿಗಿಸಿ, ಜೊತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲು ಹೇಳಿ. ಜಾಕೆಟ್ಟು ಗಲ್ಲ ದಾಟಿ ಕಿವಿಯ ಮಟ್ಟಕ್ಕೆ ಬಂದರೆ ನೀರಿನಲ್ಲೂ ಹಾಗೇ ಬರುತ್ತದೆ, ಜಾಕೆಟ್ಟು ತೇಲುತ್ತದೆ, ಮನುಷ್ಯ ಅದರೊಳಗಿಂದ ಜಾರುತ್ತಾನೆ. ಮಗುವಿಗೆ ದೊಡ್ಡವರ ಜಾಕೆಟ್ಟು ಹಾಕಿ ಹಗ್ಗ ಸುತ್ತುವುದನ್ನು ಕಂಡರೆ ಅಲ್ಲಿಂದಲೇ ವಾಪಸ್ ಬರಬಹುದು. ಮಗುವಿನದಕ್ಕೆ ಕಾಲುಗಳ ನಡುವೆ ಬರುವ ಪಟ್ಟಿ ಇರಬೇಕು. ದುಪಟ್ಟಾ, ಸೀರೆ, ಲುಂಗಿ ದಡದಲ್ಲೇ ಇರಲಿ. ನೀರು ಕುಡಿದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಒಳ್ಳೆಯ ಈಜುಗಾರನಿಗೂ ಒದೆಯಲಾಗದು. ಜಾಕೆಟ್ಟಿಗೆ ಕಟ್ಟಿದ ಸಿಳ್ಳೆ ಇದೆಯೇ ನೋಡಿ, ಒಮ್ಮೆ ಊದಿ. ಕಾಂಡ್ಲಾ ತಿರುವಿನ ಆಚೆಗೆ ಕೂಗು ಕೇಳಿಸುವುದಿಲ್ಲ, ಸಿಳ್ಳೆ ಕೇಳಿಸುತ್ತದೆ.

ದೋಣಿ ಸಾಮಾನ್ಯವಾಗಿ 12-13 ಅಡಿಯ, ಮೇಲೇ ಕೂರುವ ಎರಡಾಳಿನ ಪ್ಲಾಸ್ಟಿಕ್ ಕಯಾಕ್. ಕಲಿಯುವವರಿಗೆ ಇದೇ ಸರಿ. ಮಗುಚಿದರೂ ಒಳಗೆ ಸಿಕ್ಕಿಬೀಳುವ ಭಯವಿಲ್ಲ, ತಳದ ತೂತುಗಳಲ್ಲಿ ನೀರು ತಾನೇ ಇಳಿಯುತ್ತದೆ. ಕೂರುವ ಮೊದಲು ದೋಣಿಯ ಒಂದು ತುದಿ ಎತ್ತಿ ಅಲ್ಲಾಡಿಸಿ. ಒಳಗೆ ನೀರು ಕುಲುಕಿದ ಸದ್ದು ಬಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಹಿಂದಿನ ಬಿರಡೆ ಸಡಿಲವಾಗಿದೆ. ಹೊಟ್ಟೆಯೊಳಗೆ ಎರಡು ಬಕೆಟ್ ನೀರಿದ್ದರೆ ದೋಣಿ ಮುಳುಗುವುದಿಲ್ಲ, ಆದರೆ ಒಂದು ಬದಿಗೆ ವಾಲಿದ ಕೂಡಲೇ ಆ ನೀರೂ ಅದೇ ಬದಿಗೆ ಓಡಿ ಬಂದು ವಾಲುವುದನ್ನು ಪೂರ್ತಿ ಮಾಡಿಬಿಡುತ್ತದೆ. ‘ಇದು ಸ್ವಲ್ಪ ಅಲ್ಲಾಡ್ತದೆ ಮಾರಾಯ್ರೆ, ಪರವಾಗಿಲ್ಲ’ ಎಂದು ಕೊಡುವ ದೋಣಿ ಹೆಚ್ಚಾಗಿ ಇಂಥದ್ದು. ಬೇರೆ ಕೇಳಿ. ಭಾರ ಇರುವವರು ಹಿಂದೆ, ಹಗುರದವರು ಮುಂದೆ. ಮುಂದಿನವರು ಹೇಳಿದ ಲಯಕ್ಕೆ ಹಿಂದಿನವರು ಹುಟ್ಟು ಹಾಕಬೇಕು, ಇಲ್ಲದಿದ್ದರೆ ಹುಟ್ಟಿಗೆ ಹುಟ್ಟು ಬಡಿಯುತ್ತದೆ. ಗಂಡ-ಹೆಂಡತಿ ಜಗಳ ಶುರುವಾಗುವುದೂ ಇಲ್ಲೇ, ಗೈಡ್‌ಗಳನ್ನು ಕೇಳಿ ನೋಡಿ. ಹುಟ್ಟಿನ ಉದ್ದ ದೋಣಿಯ ಅಗಲಕ್ಕೆ ತಕ್ಕಷ್ಟು ಇರಲಿ. ತಲೆಯ ಮೇಲೆ ಹಿಡಿದಾಗ ಮೊಣಕೈ ಎರಡೂ ನೇರ ಮೂಲೆಯಲ್ಲಿ ಮಡಚುವಷ್ಟು ಅಂತರದಲ್ಲಿ ಕೈ ಇರಲಿ.

ದಡದ ಪಾಠಕ್ಕೆ ಹತ್ತು ನಿಮಿಷವಾದರೂ ಕೊಡದ ಕೇಂದ್ರಕ್ಕೆ ನಮ್ಮ ಅಂಕ ಶೂನ್ಯ. ಮುಂದೆ ಹೋಗುವುದನ್ನು ಎಲ್ಲರೂ ಹೇಳಿಕೊಡುತ್ತಾರೆ, ನಿಲ್ಲಿಸುವುದನ್ನು ಹೇಳಿಕೊಡುವವರು ಕಡಿಮೆ. ನಿಲ್ಲಲು ಎರಡೂ ಬದಿಗೆ ಬೇಗಬೇಗ ಮೂರು-ನಾಲ್ಕು ಹಿಂದು ಹುಟ್ಟು, ಅಷ್ಟೇ. ಮಗುಚಿದರೆ ಏನು ಮಾಡಬೇಕು ಎಂಬುದನ್ನು ಸೊಂಟಮಟ್ಟದ ನೀರಿನಲ್ಲಿ ಒಮ್ಮೆ ಮಾಡಿಸಿಯೇ ಕಳಿಸಬೇಕು. ಮೊದಲು ದೋಣಿ ಹಿಡಿಯಿರಿ, ಹುಟ್ಟು ಆಮೇಲೆ. ಅಡಿಮೇಲಾದ ದೋಣಿಯ ಆಚೆ ಬದಿಯ ಹಿಡಿಕೆಗೆ ಕೈ ಚಾಚಿ, ಮೈಭಾರ ಹಾಕಿ ತನ್ನ ಕಡೆಗೆ ಎಳೆದರೆ ಅದು ಸರಿಯಾಗುತ್ತದೆ. ಒಬ್ಬರು ಒಂದು ಬದಿ ಗಟ್ಟಿ ಹಿಡಿದಿರಬೇಕು, ಇನ್ನೊಬ್ಬರು ಎದುರು ಬದಿಯಿಂದ ಕಾಲು ನೀರಿನ ಮೇಲಕ್ಕೆ ಒದೆದು, ಹೊಟ್ಟೆಯ ಮೇಲೆ ಅಡ್ಡ ಬಿದ್ದು, ಹೊರಳಿ ಕೂತು, ಕಡೆಗೆ ಕಾಲು ಒಳಗೆ ತೆಗೆದುಕೊಳ್ಳಬೇಕು. ನಿಂತು ಹತ್ತಲು ಹೋದರೆ ಎರಡನೇ ಸಲ ಮಗುಚುತ್ತದೆ. ಆಳ ಕಡಿಮೆ ಎಂದು ಕೆಸರಿಗೆ ಕಾಲೂರುವುದೂ ತಪ್ಪು. ಜಾಕೆಟ್ಟು ಇದ್ದಾಗ ಅಂಗಾತ ತೇಲುವುದೇ ಸುಲಭ. ಇನ್ನೊಂದು ಮಾತನ್ನು ಪ್ರತಿ ಗೈಡ್ ಹೇಳಬೇಕು: ಕೊಂಬೆ ಹಿಡಿಯಬೇಡಿ. ಸೆಳೆತ ದೋಣಿಯನ್ನು ಮುಂದೆ ಒಯ್ಯುತ್ತದೆ, ಕೈ ಕೊಂಬೆಯಲ್ಲೇ ಉಳಿಯುತ್ತದೆ, ನಡುವೆ ಇರುವ ಮನುಷ್ಯ ನೀರಿಗೆ ಬೀಳುತ್ತಾನೆ. ಕೊಂಬೆ ಮುಖಕ್ಕೆ ಬಂದರೆ ತಲೆ ಮುಂದಕ್ಕೆ ಬಗ್ಗಿಸಿ, ಬದಿಗೆ ವಾಲಬೇಡಿ.

ನೀರಿನ ಮೇಲಿನ ನಡತೆ

ರಸ್ತೆಯಲ್ಲಿ ಎಡ, ನೀರಿನಲ್ಲಿ ಬಲ. ಎದುರುಬದುರಾದ ದೋಣಿಗಳು ತಮ್ಮ ತಮ್ಮ ಬಲಕ್ಕೆ ಸರಿದು, ಎಡಬದಿಗೆ ಎಡಬದಿಯಾಗಿ ದಾಟಬೇಕು. ಸ್ಕೂಟರಿನ ಅಭ್ಯಾಸದಲ್ಲಿ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ, ಎದುರಿನ ಮೀನುಗಾರ ಬಲಕ್ಕೆ ಬಂದಿರುತ್ತಾನೆ, ಇಬ್ಬರೂ ಒಂದೇ ಕಡೆ. ದಡದ ಪಾಠದಲ್ಲಿ ಇದನ್ನು ಹೇಳದ ಕೇಂದ್ರಗಳೇ ಹೆಚ್ಚು, ನಮ್ಮ ದೊಡ್ಡ ತಕರಾರು ಇದೇ. ಹಿಂದಿನಿಂದ ಬಂದು ದಾಟುವವರು ದೂರ ಉಳಿದು ದಾಟಬೇಕು, ಮುಂದಿನವರು ಸರಿಯಬೇಕಾಗಿಲ್ಲ. ತಿರುವಿನಲ್ಲಿ ಆಚೆ ಕಾಣದಿದ್ದರೆ ಬಲದಂಚಿಗೆ ಸೇರಿ ಒಂದು ಉದ್ದ ಸಿಳ್ಳೆ. ಮೋಟಾರು ದೋಣಿಯ ಹಾರ್ನಿಗೂ ಅರ್ಥವಿದೆ: ಒಂದು ಚಿಕ್ಕ ಸದ್ದು ಬಲಕ್ಕೆ ತಿರುಗುತ್ತಿದ್ದೇನೆ, ಎರಡು ಎಡಕ್ಕೆ, ಮೂರು ಎಂಜಿನ್ ಹಿಂದಕ್ಕೆ ಹಾಕಿದ್ದೇನೆ, ಐದೋ ಹೆಚ್ಚೋ ಆದರೆ ನೀನು ಏನು ಮಾಡುತ್ತಿದ್ದೀಯ ತಿಳಿಯುತ್ತಿಲ್ಲ. ಐದು ಕೇಳಿದರೆ ಫೋಟೋ ಬಿಟ್ಟು ಬದಿಗೆ ಹೋಗಿ.

ಹೊಯ್ಗೆ ತುಂಬಿದ ದೋಣಿ ಕಂಡರೆ ದಾರಿ ಅದಕ್ಕೆ. ತುಂಬಿದಾಗ ಅದರ ಅಂಚು ನೀರಿನಿಂದ ನಾಲ್ಕು ಬೆರಳು ಮೇಲಿದ್ದರೆ ಹೆಚ್ಚು. ಅದು ತಕ್ಷಣ ನಿಲ್ಲುವುದಿಲ್ಲ, ತಿರುಗುವುದೂ ಇಲ್ಲ, ಆಳ ಇರುವ ಒಂದೇ ಸಾಲಿನಲ್ಲಿ ಹೋಗಬೇಕು. ಕಯಾಕಿಗೆ ಒಂದಡಿ ನೀರು ಸಾಕು, ಬದಿಗೆ ಹೋಗಬಲ್ಲದ್ದು ಅದೇ. ಅಡ್ಡ ದಾಟಬೇಕಾದರೆ ದೋಣಿಯ ಮುಂದಿನಿಂದ ಅಲ್ಲ, ಹಿಂದಿನಿಂದ. ಪಕ್ಕದಲ್ಲಿ ಸ್ಪೀಡ್ ಬೋಟು ಹಾರಿಸಿದರೆ ಅದರ ಅಲೆ ನೇರ ಹೊಯ್ಗೆ ದೋಣಿಯೊಳಗೆ. ಕಯಾಕ್ ಜೊತೆಗೆ ಸ್ಪೀಡ್ ಬೋಟನ್ನೂ ಇಟ್ಟುಕೊಂಡವರನ್ನು ನೋಡುವಾಗ ಇದೇ ಪರೀಕ್ಷೆ: ದಡದ ಹತ್ತಿರ, ಹುಟ್ಟಿನ ದೋಣಿ ಹತ್ತಿರ ಬಂದಾಗ ಎಂಜಿನ್ ತಗ್ಗಿಸುತ್ತಾರೆಯೇ? ಅಂಥ ದೋಣಿಗೆ ನೋಂದಣಿ ಸಂಖ್ಯೆ ಬರೆದಿದೆಯೇ ಎಂದೂ ನೋಡಿ. ಎಂಜಿನ್ ದೋಣಿಗಳಿಗೆ 2021ರ ಒಳನಾಡು ನೌಕೆಗಳ ಕಾಯ್ದೆಯಡಿ ನೋಂದಣಿ, ತಪಾಸಣೆ ಎರಡೂ ಬೇಕು.

ಅಲೆ ಬರುವಾಗ ಕಯಾಕಿನ ಮೂತಿ ಅದರ ಕಡೆ ತಿರುಗಿಸಿ, ಹುಟ್ಟು ಹಾಕುತ್ತಲೇ ಇರಿ. ಹುಟ್ಟು ನೀರಿನಲ್ಲಿದ್ದಷ್ಟು ಹೊತ್ತು ಅದು ಊರುಗೋಲು. ಹೆದರಿ ಎರಡೂ ಅಂಚು ಹಿಡಿದು ಕೂತರೆ ದೋಣಿಯ ಜೊತೆ ಮೈಯೂ ವಾಲುತ್ತದೆ. ದೋಣಿ ದಾಟಿ ಹೋದ ಮೇಲೆ ಅಲೆ ಬರುತ್ತದೆ, ದಡಕ್ಕೆ ಬಡಿದು ಮತ್ತೊಮ್ಮೆ ವಾಪಸ್ ಬರುತ್ತದೆ. ಆ ಎರಡನೆಯದಕ್ಕೆ ಯಾರೂ ತಯಾರಿರುವುದಿಲ್ಲ.

ಇನ್ನು ಮರುವಾಯಿ. ದೂರದಿಂದ ಕಾಣುವುದು ನೀರಿನ ಮೇಲೆ ತೇಲುವ ಒಂದು ಅಲ್ಯೂಮಿನಿಯಂ ಪಾತ್ರೆಯೋ ಪ್ಲಾಸ್ಟಿಕ್ ಬುಟ್ಟಿಯೋ ಮಾತ್ರ. ಅದರ ಹಗ್ಗದ ಇನ್ನೊಂದು ತುದಿ ಯಾರದೋ ಸೊಂಟದಲ್ಲಿದೆ. ಪಾದದಿಂದ ತಳ ತಡವುತ್ತಾ ಹೋಗಿ, ಚಿಪ್ಪು ತಾಗಿದಲ್ಲಿ ಮುಳುಗಿ, ಕೈತುಂಬ ತೆಗೆದು, ಎದ್ದು ಪಾತ್ರೆಗೆ ಹಾಕುತ್ತಾರೆ. ಮುಳುಗಿದಷ್ಟು ಹೊತ್ತು ನೀರಿನ ಮೇಲೆ ತಲೆ ಇರುವುದಿಲ್ಲ. ಎರಡಾಳು ಕೂತ ಕಯಾಕು ಅವರು ಏಳುವ ಜಾಗಕ್ಕೆ ಬಂದು ನಿಂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ತೇಲುವ ಪಾತ್ರೆ ಕಂಡರೆ ಅದರ ಸುತ್ತ ಹತ್ತು ಮೀಟರು ಬಿಟ್ಟು, ಆಳದ ಕಡೆಯಿಂದ, ಮಾತಾಡುತ್ತಾ ಸಾಗಿ. ನೀವು ಇದ್ದೀರಿ ಎಂದು ಅವರಿಗೆ ತಿಳಿಯಲಿ. ಅವರ ಫೋಟೋ, ವಿಡಿಯೋ ಕೇಳದೆ ತೆಗೆಯಬೇಡಿ. ಒದ್ದೆ ಬಟ್ಟೆಯಲ್ಲಿ ದುಡಿಯುತ್ತಿರುವ ಹೆಂಗಸರ ಮೇಲೆ ಡ್ರೋನು ಹಾರಿಸುವ ತಂಡಗಳಿವೆ. ಅದನ್ನು ತಡೆಯದ ಕೇಂದ್ರದ ಬಗ್ಗೆ ಊರವರು ಸಿಟ್ಟಾದರೆ ತಪ್ಪು ಊರವರದ್ದಲ್ಲ.

ಬಲೆ ಗುರುತಿಸುವುದು ಹೊಸಬರಿಗೆ ಕಷ್ಟ. ಸಾಲಾಗಿ ತೇಲುವ ಬೆಂಡು ಕಂಡರೆ ಕೆಳಗೆ ಕಂತಬಲೆ. ಒಂಟಿಯಾಗಿ ಅಲ್ಲಲ್ಲಿ ಖಾಲಿ ನೀರಿನ ಬಾಟಲಿ, ಥರ್ಮೋಕೋಲ್ ತುಂಡು ನಿಂತಿದ್ದರೆ (ಹರಿಯುವ ನೀರಿನಲ್ಲೂ ಅದು ನಿಂತೇ ಇರುತ್ತದೆ, ಕಸವಾದರೆ ಹೋಗುತ್ತಿರುತ್ತದೆ) ಅದು ಏಡಿಬಲೆ. ನೆಟ್ಟ ಗೂಟಗಳ ಸಾಲು ಕಟ್ಟುಬಲೆಯದ್ದು. ಬೆಂಡಿನ ಸಾಲು ಅಡ್ಡ ಬಂದರೆ ಬಲೆಯವರನ್ನು ಕೂಗಿ ‘ಯಾವ ಕಡೆ ಹೋಗ್ಬೇಕು?’ ಎಂದು ಕೇಳಿ. ಕೈ ತೋರಿಸುತ್ತಾರೆ, ಬೈಯುವುದಿಲ್ಲ. ಬೈಯುವುದು ಕೇಳದೆ ಹೋದವರಿಗೆ. ಯಾರೂ ಇಲ್ಲದಿದ್ದರೆ ಸುತ್ತು ಹೊಡೆದು ತುದಿಯಿಂದ ದಾಟಿ. ಹುಟ್ಟಿಗೆ ಹಗ್ಗ ಸಿಕ್ಕಿದರೆ ಜಗ್ಗಬೇಡಿ. ಜಗ್ಗಿದವರು ಹಗ್ಗದ ಕಡೆಗೇ ವಾಲುತ್ತಾರೆ, ಜೊತೆಯವರು ನೋಡಲು ಅದೇ ಕಡೆ ಬಗ್ಗುತ್ತಾರೆ, ಮುಗಿಯಿತು. ಹಿಂದು ಹುಟ್ಟು ಹಾಕಿ ಹಗ್ಗ ಸಡಿಲ ಮಾಡಿ, ಹುಟ್ಟಿನ ಅಲಗನ್ನು ನೀರಿಗೆ ಚಪ್ಪಟೆಯಾಗಿ ಇಳಿಸಿ ಬಿಡಿಸಿ. ಗೈಡ್ ಚಾಕು ತೆಗೆಯುವುದು ಜೀವಕ್ಕೆ ಬಂದಾಗ ಮಾತ್ರ ಆಗಬೇಕು, ಕತ್ತರಿಸಿದರೆ ಬಲೆಯವರನ್ನು ಹುಡುಕಿ ಹಣ ಕಟ್ಟಿಕೊಡಬೇಕು. ಬೀಸುಬಲೆಯವರ ಹತ್ತಿರ ಹುಟ್ಟು ದೋಣಿಯ ಅಂಚಿಗೆ ಬಡಿಯದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ ದೋಣಿಗೆ ಹುಟ್ಟು ತಾಗಿದ ಸದ್ದು ನೀರಿನೊಳಗೆ ಮೀನಿಗೆ ಚೆನ್ನಾಗಿ ಕೇಳುತ್ತದೆ, ಅವರ ಅರ್ಧ ಗಂಟೆಯ ಕಾಯುವಿಕೆ ಹಾಳು.

ಸದ್ದಿನ ಮಾತು ಬಂತೆಂದು ಇದನ್ನೂ ಹೇಳಬೇಕು: ಬ್ಲೂಟೂತ್ ಸ್ಪೀಕರ್. ನೀರಿನ ಮೇಲೆ ಸದ್ದು ತಡೆಯಿಲ್ಲದೆ ಸಾಗುತ್ತದೆ, ದಡದ ಮನೆಗಳ ಜಗಲಿಗೆ ನೇರ ಹೋಗುತ್ತದೆ. ಸಂಜೆ ಬೆಳ್ಳಕ್ಕಿ ಕಾಂಡ್ಲಾಕ್ಕೆ ಬಂದು ಕೂರುವ ಹೊತ್ತಿಗೆ ಹಾಡು ಹಚ್ಚಿದರೆ ಇಡೀ ಹಿಂಡು ಎದ್ದುಹೋಗುತ್ತದೆ. ಸ್ಪೀಕರ್ ಬೇಡ ಎಂದು ಬೋರ್ಡು ಹಾಕಿ, ಹೇಳಿದ್ದನ್ನು ಪಾಲಿಸುವ ಕೇಂದ್ರ ಇದ್ದರೆ ಅಲ್ಲಿಗೇ ಹೋಗಿ. ಕಾರು ಮನೆಯ ಗೇಟಿಗೆ ಅಡ್ಡ ನಿಲ್ಲಿಸುವುದು, ತೋಟದ ಬದಿಯಲ್ಲಿ ಬಟ್ಟೆ ಬದಲಿಸುವುದು ಇವೂ ಸೇವೆಯ ಲೋಪಗಳೇ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಪಾರ್ಕಿಂಗ್ ಕೇಂದ್ರದವರದೇ ಇರಬೇಕು.

ಎಲ್ಲಿಗೆ ಹೋಗಬಾರದು

ಸೀತಾ ಮತ್ತು ಸುವರ್ಣಾ ಎರಡೂ ಸೇರಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ‘ಡೆಲ್ಟಾವರೆಗೆ ಕರೆದುಕೊಂಡು ಹೋಗ್ತೇವೆ’ ಎಂಬ ಪ್ಯಾಕೇಜು ಕೇಳಲು ಚಂದ. ಮಧ್ಯಾಹ್ನದ ಮೇಲೆ ಇಳಿತ ಇದ್ದ ದಿನ ಅಳಿವೆಯಲ್ಲಿ ನೀರು ಹೊರಗೆ ನುಗ್ಗುತ್ತಿರುತ್ತದೆ, ಪಡುಗಾಳಿಯ ಅಲೆ ಒಳಗೆ ನುಗ್ಗುತ್ತಿರುತ್ತದೆ. ಎರಡೂ ಎದುರಾದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಮೇಲೊಂದು ಏಳುತ್ತದೆ. ಮರಳು ದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಸೆಳೆತ ಕಯಾಕನ್ನು ಹೊರಗೆ ಒಯ್ದರೆ ಹುಟ್ಟಿನ ಬಲದಿಂದ ವಾಪಸ್ ಬರಲಾಗದು. ನಾಡದೋಣಿಯವರು ಅಲೆಯ ಲೆಕ್ಕ ಹಿಡಿದು ವೇಗದಲ್ಲಿ ಒಳಗೆ ಬರುವುದೂ ಇದೇ ಬಾಗಿಲಿನಿಂದ, ಅವರಿಗೆ ಅಲ್ಲಿ ನಿಧಾನ ಮಾಡಲಾಗದು. ಬಾಡಿಗೆ ಕಯಾಕಿಗೆ ಅಳಿವೆ ಜಾಗವಲ್ಲ, ಗೈಡ್ ಎಷ್ಟೇ ಗಟ್ಟಿಗನಾದರೂ.

ತಂಡದ ಲೆಕ್ಕವನ್ನೂ ಕೇಳಿ. ಐದು ಕಯಾಕಿಗೆ ಒಬ್ಬ ಗೈಡ್, ಅವನದೇ ಬೇರೆ ದೋಣಿಯಲ್ಲಿ. ಅದಕ್ಕಿಂತ ಹೆಚ್ಚಾದರೆ ಹಿಂದಿನವರು ತಿರುವಿನಲ್ಲಿ ಕಣ್ಮರೆ. ಹತ್ತು ದಾಟಿದರೆ ಮುಂದೊಬ್ಬ, ಹಿಂದೊಬ್ಬ ಇರಲೇಬೇಕು. ಎಸೆಯುವ ಹಗ್ಗದ ಚೀಲ, ನೀರು ಹೋಗದ ಕವರಿನಲ್ಲಿ ಫೋನು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಅವನ ದೋಣಿಯಲ್ಲಿರಲಿ, ಆಫೀಸಿನ ಕಪಾಟಿನಲ್ಲಲ್ಲ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ನಿಮ್ಮ ಫೋನಿನಲ್ಲೂ ಇರಲಿ.

ಬೇರೆ ನೀರಿನ ಬಗ್ಗೆ ಎರಡೆರಡು ಮಾತು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಎಚ್ಚರ ಬೇಕಾದದ್ದು ಹತ್ತಿ ಇಳಿಯುವಾಗ. ದೋಣಿಯಿಂದ ದೋಣಿಗೆ ದಾಟಬೇಕಾದರೆ ಎರಡೂ ಅಂಚು ಸಮಕ್ಕೆ ಬಂದ ಗಳಿಗೆ ನೋಡಿ ಒಬ್ಬೊಬ್ಬರಾಗಿ, ಕೈ ಖಾಲಿ ಇಟ್ಟುಕೊಂಡು. ಎರಡು ದೋಣಿಯ ನಡುವೆ ಬೆರಳಿಡಬೇಡಿ. ದ್ವೀಪದ ಕಂಬಗಲ್ಲಿನ ಮೇಲೆ ಪಾಚಿ ಇರುತ್ತದೆ, ಸೆಲ್ಫಿಗೆ ಅಂಚು ಬೇಡ. ಉದ್ಯಾವರ ಹೊಳೆಯಲ್ಲಿ ಕಯಾಕ್ ಮಾಡುವವರಿಗೆ ಒಂದು ಎಚ್ಚರಿಕೆ: ಆ ಹೊಳೆಯ ಬಾಯಿಯೇ ಮಲ್ಪೆ ಬಂದರಿನ ದಾರಿ. ಸೇತುವೆ ದಾಟಿ ಕೆಳಕ್ಕೆ ಹೋದರೆ ಟ್ರಾಲ್ ಬೋಟುಗಳ ಬಾಯಿಗೆ ಹೋದಂತೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದಲ್ಲಿ ಬೋಟಿಲ್ಲ, ಆದರೆ ಆಗ ನೀರೇ ಸರಿಯಿಲ್ಲ.

ಮಂಗಳೂರಿನ ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ಕಡವು ಕೆಲವೇ ನಿಮಿಷದ್ದು. ದೋಣಿ ನಡೆಸುವವರ ಕೈಚಳಕ ನೋಡುವುದೇ ಒಂದು ಪಾಠ. ಫಲ್ಗುಣಿ ನದಿಯಲ್ಲಿ ಮೀನಿನ ಬೋಟು ಬರುತ್ತಿದ್ದರೆ ವೇಗ ತಗ್ಗಿಸಿ, ಅದರ ಹಿಂದಿನಿಂದ ದಾಟಿಸುತ್ತಾರೆ, ಅವಸರವಿಲ್ಲ. ಪ್ರಯಾಣಿಕರ ಕಡೆಯಿಂದ ಬೇಕಾದದ್ದು ಇಷ್ಟೇ: ಇಳಿಯುವವರಿಗೆ ಮೊದಲು ಜಾಗ, ಹಗ್ಗ ಕಟ್ಟುವ ತನಕ ಎದ್ದು ನಿಲ್ಲದಿರುವುದು, ಏನೋ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಓಡದಿರುವುದು. ಮಕ್ಕಳಿಗೆ ಮೊದಲ ಸಲ ದೋಣಿ ಎಂದಾದರೆ ಪಿಲಿಕುಳದ ಕೆರೆ ಸಾಕು, ಅಲ್ಲಿ ಭರತವೂ ಇಲ್ಲ, ಅಳಿವೆಯೂ ಇಲ್ಲ.

ಮತ್ತೆ ಸೀತಾನದಿಗೆ. ಒಟ್ಟಾರೆ ಈ ಹಿನ್ನೀರಿನ ಕಯಾಕಿಂಗ್ ದುಡ್ಡಿಗೆ ಮೋಸವಿಲ್ಲದ ಸೇವೆ, ವಾರದ ದಿನ ಬೆಳಗ್ಗೆ ಹೋದರೆ ಇನ್ನೂ ಚಂದ. ಭಾನುವಾರ ಸಂಜೆಯ ಗುಂಪಿನಲ್ಲಿ ಮೇಲೆ ಹೇಳಿದ ಅರ್ಧದಷ್ಟೂ ನಡೆಯುವುದಿಲ್ಲ, ಗೈಡ್‌ಗೆ ತಲೆ ಎಣಿಸುವುದೇ ಕೆಲಸವಾಗುತ್ತದೆ. ಬುಕ್ ಮಾಡುವಾಗ ಕೇಳಿ: ಆ ದಿನ ಭರತ ಎಷ್ಟು ಗಂಟೆಗೆ, ಮಗುವಿನ ಅಳತೆಯ ಜಾಕೆಟ್ಟು ಇದೆಯೇ, ಎಷ್ಟು ದೋಣಿಗೆ ಒಬ್ಬ ಗೈಡ್, ಗಾಳಿ ಜೋರಾದರೆ ಹಣ ವಾಪಸ್ಸೋ ಬೇರೆ ದಿನವೋ. ಕಡೆಯದಕ್ಕೆ ಸ್ಪಷ್ಟ ಉತ್ತರ ಮುಖ್ಯ, ಏಕೆಂದರೆ ಹಣ ಹಿಂದೆ ಕೊಡಲು ಮನಸ್ಸಿಲ್ಲದವರು ಗಾಳಿಯಲ್ಲೂ ಕಳಿಸುತ್ತಾರೆ. ಮೊದಲನೆಯದಕ್ಕೆ ‘ಯಾವಾಗ ಬೇಕಾದ್ರೂ ಬನ್ನಿ, ನೀರು ಇರ್ತದೆ’ ಎಂದರೆ ಫೋನಿಟ್ಟು ಪಕ್ಕದ ಕೇಂದ್ರದ ನಂಬರ್ ಹುಡುಕಿ.